ಪ್ಯಾಕೆಟ್ ಮುಂದೆ ‘ಎಂಎಸ್‌ಜಿ ಸೇರಿಸಿಲ್ಲ’, ಹಿಂದೆ ‘ಯೀಸ್ಟ್ ಎಕ್ಸ್‌ಟ್ರಾಕ್ಟ್’. ಇದೆಂಥಾ ಲೆಕ್ಕ?

ಬಸವನಗುಡಿ ಬಾಣಲೆ
ಶನಿವಾರ ರಾತ್ರಿ 9:40

ನಿನ್ನೆ ಸಂಜೆಯಿಂದ ಮಳೆ ಹಿಡಿದುಕೊಂಡಿತ್ತು. ಮಗಳಿಗೆ ಬಿಸಿಬಿಸಿ ಸೂಪ್ ಬೇಕಂತೆ. ಮನೆಯಲ್ಲಿ ಟೊಮೆಟೊ ಇರಲಿಲ್ಲ. ಬೀದಿ ಕೊನೆಯ ಅಂಗಡಿಯಿಂದ ಒಂದು ಸೂಪ್ ಪ್ಯಾಕೆಟ್ ತಂದೆ. ಮುಂದೆ ದಪ್ಪ ಅಕ್ಷರದಲ್ಲಿ ‘ನೋ ಆಡೆಡ್ ಎಂಎಸ್‌ಜಿ’ ಅಂತಿದೆ, ಅಂದರೆ ಅಜಿನೊಮೊಟೊ ಅನ್ನುತ್ತೇವಲ್ಲ, ಆ ರುಚಿಯ ಪುಡಿ ಸೇರಿಸಿಲ್ಲ ಅಂತ. ಪಕ್ಕದಲ್ಲಿ ಒಂದು ಹಸಿರು ಎಲೆ, ಒಂದು ಟೊಮೆಟೊ, ಅದರ ಮೇಲೆ ನಾಲ್ಕು ಹನಿ ಇಬ್ಬನಿ ಬೇರೆ.

ನೀರು ಕುದಿಯಲು ಇಟ್ಟು ಸುಮ್ನೆ ಪ್ಯಾಕೆಟ್ ತಿರುಗಿಸಿದೆ. ಕನ್ನಡಕ ಹಾಕಿದರೂ ಆ ಅಕ್ಷರ ಕಾಣಲಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಂಡು ಓದಿದೆ. ಸಕ್ಕರೆ, ಕಾರ್ನ್ ಫ್ಲೋರ್, ಒಣಗಿಸಿದ ಟೊಮೆಟೊ, ಉಪ್ಪು. (ಟೊಮೆಟೊ ಸೂಪಿನಲ್ಲಿ ಟೊಮೆಟೊಗೆ ಮೂರನೇ ಬಹುಮಾನ!) ಕೆಳಗೆ ಬಂದರೆ ‘ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೋಟೀನ್’, ‘ಯೀಸ್ಟ್ ಎಕ್ಸ್‌ಟ್ರಾಕ್ಟ್’, ‘ಫ್ಲೇವರ್ ಎನ್‌ಹಾನ್ಸರ್ 627, 631’.

ಪ್ಯಾಕೆಟ್ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಮೂರು ಸಲ ಬೇರೆ ಬೇರೆ ರೀತಿ ಕೇಳಿದೆ. ಮೂರು ಸಲವೂ ಒಂದೇ ಉತ್ತರ. ‘ಮೇಡಂ, ನಾವು ಎಂಎಸ್‌ಜಿ ಸೇರಿಸಿಲ್ಲ.’ ‘ಹಾಗಾದರೆ ಇದರಲ್ಲಿ ಎಂಎಸ್‌ಜಿ ಇಲ್ಲವಾ?’ ಅಂದೆ. ‘ನಾವು ಸೇರಿಸಿಲ್ಲ ಮೇಡಂ.’

ಕಂಪನಿ ಹೆಸರು ಬರೆಯುವುದಿಲ್ಲ, ಯಾರೂ ಕೇಳಬೇಡಿ. ಒಂದೇ ಕಂಪನಿಯ ಕಥೆ ಅಂತ ನನಗೆ ಅನಿಸುತ್ತಲೂ ಇಲ್ಲ. ಈ ಯೀಸ್ಟ್ ಎಕ್ಸ್‌ಟ್ರಾಕ್ಟ್ ಅಂದರೆ ಏನು? ಬೇಕರಿಯವರು ಬ್ರೆಡ್ಡಿಗೆ ಹಾಕುವ ಯೀಸ್ಟೇ? ಅದು ಸೂಪಿನಲ್ಲಿ ಏನು ಮಾಡುತ್ತಿದೆ? ತಿಳಿದವರು ಹೇಳಿ.


ಹಳೇ ಪ್ರಯೋಗಾಲಯ
ಶನಿವಾರ ರಾತ್ರಿ 10:25

ಅಮ್ಮಾ, ನಾನು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತನಾದವನು. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಓದಿ.

1908ರಲ್ಲಿ ಟೋಕಿಯೊದ ಪ್ರೊಫೆಸರ್ ಕಿಕುನೆ ಇಕೆಡಾ ಅವರು ಕೊಂಬು ಅನ್ನುವ ಕಡಲಕಳೆಯ ಸಾರು ಯಾಕೆ ಅಷ್ಟು ರುಚಿ ಅಂತ ಹುಡುಕಲು ಹೊರಟರು. ಸಿಕ್ಕಿದ್ದು ಗ್ಲುಟಮೇಟ್, ಪ್ರೋಟೀನಿನ ಒಂದು ಅಂಶ. ಆ ರುಚಿಗೆ ‘ಉಮಾಮಿ’ ಅಂತ ಹೆಸರಿಟ್ಟರು. ಅದನ್ನು ಸೋಡಿಯಂ ಜೊತೆ ಸೇರಿಸಿ ಪುಡಿ ಮಾಡಿದ್ದೇ ಮೊನೊಸೋಡಿಯಂ ಗ್ಲುಟಮೇಟ್, ಅಂದರೆ ಎಂಎಸ್‌ಜಿ. 1909ರಲ್ಲಿ ‘ಅಜಿನೊಮೊಟೊ’ ಅನ್ನುವ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದು ಒಂದು ಬ್ರಾಂಡಿನ ಹೆಸರು. ನಮ್ಮ ಕಡೆ ಪದಾರ್ಥಕ್ಕೇ ಆ ಹೆಸರು ಅಂಟಿಕೊಂಡಿದೆ. ಗೋಬಿ ಗಾಡಿಯವರು ‘ಟೇಸ್ಟಿಂಗ್ ಪೌಡರ್’ ಅನ್ನುವುದೂ ಇದನ್ನೇ.

ಈಗ ನಿಮ್ಮ ಪ್ಯಾಕೆಟ್ಟಿಗೆ ಬರೋಣ. ಯೀಸ್ಟ್ ಅಂದರೆ ನೀವು ಹೇಳಿದ ಯೀಸ್ಟೇ. ಅದನ್ನು ಬೆಚ್ಚಗೆ ಇಟ್ಟರೆ ಅದರೊಳಗಿನ ಕಿಣ್ವಗಳೇ ಅದರ ಪ್ರೋಟೀನನ್ನು ಒಡೆಯುತ್ತವೆ. ಸಿಪ್ಪೆ ತೆಗೆದು ಉಳಿದ ರಸವನ್ನು ಗಟ್ಟಿ ಮಾಡಿದರೆ ಯೀಸ್ಟ್ ಎಕ್ಸ್‌ಟ್ರಾಕ್ಟ್. ಪ್ರೋಟೀನ್ ಒಡೆದಾಗ ಗ್ಲುಟಮೇಟ್ ಬಿಡುಗಡೆ ಆಗುತ್ತದೆ. ರುಚಿ ಬರುವುದು ಹೆಚ್ಚಿನಂಶ ಅದರಿಂದಲೇ. ಹೈಡ್ರೊಲೈಸ್ಡ್ ಪ್ರೋಟೀನ್ ಕೂಡ ಅದೇ ಜಾತಿ. ಸೋಯಾ, ಕಡಲೆಕಾಯಿ, ಜೋಳ ಅಥವಾ ಗೋಧಿಯ ಪ್ರೋಟೀನನ್ನು ಆಮ್ಲ ಅಥವಾ ಕಿಣ್ವ ಹಾಕಿ ಒಡೆಯುತ್ತಾರೆ. ಇದು ಎಂಎಸ್‌ಜಿಗಿಂತ ಹಳೆಯ ವಿದ್ಯೆ. ಸ್ವಿಟ್ಜರ್‌ಲ್ಯಾಂಡಿನ ಜೂಲಿಯಸ್ ಮ್ಯಾಗಿ 1886ರಲ್ಲೇ ಇಂಥ ರಸವನ್ನು ಬಾಟಲಿಯಲ್ಲಿ ಮಾರಿದ್ದರು.

627 ಅಂದರೆ ಡೈಸೋಡಿಯಂ ಗ್ವನಿಲೇಟ್, 631 ಅಂದರೆ ಡೈಸೋಡಿಯಂ ಇನೊಸಿನೇಟ್. ಎರಡೂ ಸೇರಿದ್ದು 635. ಇವುಗಳ ಕಥೆ ಸ್ವಾರಸ್ಯವಾಗಿದೆ. ಇವು ಒಂದೇ ಕೈಯ ಚಪ್ಪಾಳೆ ಇದ್ದಂತೆ. ಒಂಟಿಯಾಗಿ ಹಾಕಿದರೆ ಹೇಳಿಕೊಳ್ಳುವಂಥ ರುಚಿ ಇಲ್ಲ. ಗ್ಲುಟಮೇಟ್ ಜೊತೆ ಚಿಟಿಕೆಯಷ್ಟು ಬಿದ್ದರೆ ರುಚಿ ಎಷ್ಟೋ ಪಟ್ಟು ಏರುತ್ತದೆ. ಬೆಲೆಯೂ ಜಾಸ್ತಿ. ಹಾಗಾಗಿ ಲೇಬಲ್ಲಿನಲ್ಲಿ 627, 631 ಕಂಡರೆ, ಎಂಎಸ್‌ಜಿ ಹೆಸರು ಇರಲಿ ಬಿಡಲಿ, ಗ್ಲುಟಮೇಟ್ ಎಲ್ಲೋ ಒಂದು ಕಡೆ ಕೂತಿದೆ ಅಂತ ತಿಳಿಯಿರಿ. ಇಲ್ಲದಿದ್ದರೆ ಯಾವ ಕಂಪನಿಯೂ ಅಷ್ಟು ದುಡ್ಡು ಸುರಿಯುವುದಿಲ್ಲ.

ನಿಮ್ಮ ಜೊತೆ ಮಾತಾಡಿದ ಹುಡುಗಿ ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.


ಕಡಲೆಪುರಿ ಕಮಲಮ್ಮ
ಶನಿವಾರ ರಾತ್ರಿ 10:41

ಧರ್ಮರಾಯ ಹೇಳಿದ ಹಾಗೆ ಆಯಿತಲ್ಲ! ‘ಅಶ್ವತ್ಥಾಮ ಸತ್ತ’ ಅನ್ನುವುದು ಮುಂದೆ ದಪ್ಪಕ್ಷರದಲ್ಲಿ. ‘ಆನೆ’ ಅನ್ನುವುದು ಹಿಂದೆ, ಇರುವೆ ಗಾತ್ರದಲ್ಲಿ.


ರೊಟ್ಟಿಪ್ರಿಯ
ಶನಿವಾರ ರಾತ್ರಿ 11:02

ಎಲ್ಲರೂ ಗಮನಿಸಿ!! 631 ಅಂದರೆ ಹಂದಿ ಕೊಬ್ಬು. ನಮ್ಮ ಗ್ರೂಪಿನಲ್ಲಿ ಬಂದಿದೆ. ಚಿಪ್ಸಿನಲ್ಲಿ ಹಾಕುತ್ತಾರೆ. 330 ಅಂತೂ ನೇರವಾಗಿ ಕ್ಯಾನ್ಸರ್. ದಯವಿಟ್ಟು 10 ಜನಕ್ಕೆ ಕಳಿಸಿ.


ಹಳೇ ಪ್ರಯೋಗಾಲಯ
ಶನಿವಾರ ರಾತ್ರಿ 11:20

ತಮ್ಮಾ, ದಯವಿಟ್ಟು 10 ಜನಕ್ಕೆ ಕಳಿಸಬೇಡ.

631 ಕೊಬ್ಬೇ ಅಲ್ಲ. ಅದು ಇನೊಸಿನಿಕ್ ಆಮ್ಲದ ಲವಣ. ಮಾಂಸ, ಮೀನಿನಿಂದಲೂ ತೆಗೆಯಬಹುದು ಅನ್ನುವುದು ನಿಜ. 1913ರಲ್ಲಿ ಇಕೆಡಾ ಅವರ ಶಿಷ್ಯ ಕೊಡಾಮಾ ಇನೊಸಿನೇಟನ್ನು ಗುರುತಿಸಿದ್ದೇ ಒಣಗಿಸಿದ ಬೊನಿಟೊ ಮೀನಿನಲ್ಲಿ. ಆದರೆ ಮರಗೆಣಸಿನ ಪಿಷ್ಟ, ಸಕ್ಕರೆಯಂಥವನ್ನು ಹುದುಗಿಸಿಯೂ ಮಾಡುತ್ತಾರೆ. ನಮ್ಮ ದೇಶದಲ್ಲಿ ಹಸಿರು ಚುಕ್ಕೆ ಹಾಕಿದ ಪ್ಯಾಕೆಟ್ಟಿಗೆ ಪ್ರಾಣಿಮೂಲದ್ದು ಹಾಕುವಂತಿಲ್ಲ. ಹಾಲು, ಜೇನಿನಂಥವು ಬೇರೆ ಮಾತು. ಹಸಿರು ಚುಕ್ಕೆ ಇದ್ದೂ ಹಾಕಿದ್ದರೆ ಅದು ಅಪರಾಧ. ಸಂಖ್ಯೆ ನೋಡಿ ಹಂದಿ ಅಂತ ತೀರ್ಮಾನ ಮಾಡಲು ಆಗುವುದಿಲ್ಲ.

330 ಸಿಟ್ರಿಕ್ ಆಮ್ಲ. ನಿಂಬೆಹಣ್ಣಿನಲ್ಲಿ ಇರುವುದು. ಈ ‘330 ಕ್ಯಾನ್ಸರ್’ ಅನ್ನುವ ಗಾಳಿಸುದ್ದಿ ನಿನ್ನ ಗ್ರೂಪಿಗಿಂತ ಹಳೆಯದು. 1976ರಲ್ಲಿ ಫ್ರಾನ್ಸಿನಲ್ಲಿ ಒಂದು ಕರಪತ್ರ ಹರಿದಾಡಿತು. ವಿಲ್‌ಜ್ವಿಫ್ ಅನ್ನುವ ಊರಿನ ಆಸ್ಪತ್ರೆಯ ಹೆಸರು ಹಾಕಿದ್ದರು. ಆಸ್ಪತ್ರೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದರಲ್ಲಿ ಸಿಟ್ರಿಕ್ ಆಮ್ಲಕ್ಕೇ ಅತಿ ಅಪಾಯಕಾರಿ ಪಟ್ಟ. ಯಾಕೆ ಅನ್ನುವುದಕ್ಕೆ ಒಂದು ವಿವರಣೆ ಇದೆ. ದೇಹದಲ್ಲಿ ಸಿಟ್ರಿಕ್ ಆಮ್ಲ ಓಡಾಡುವ ಚಕ್ರಕ್ಕೆ ವಿಜ್ಞಾನಿ ಕ್ರೆಬ್ಸ್ ಅವರ ಹೆಸರಿದೆ. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದರೆ ಏಡಿ, ಕ್ಯಾನ್ಸರ್ ಅಂತಲೂ ಅರ್ಥ. ಯಾರೋ ತಪ್ಪು ಓದಿಕೊಂಡರು. ಆಗ ಕಾಗದದಲ್ಲಿ ಓಡುತ್ತಿದ್ದದ್ದು ಈಗ ವಾಟ್ಸಾಪಿನಲ್ಲಿ ಓಡುತ್ತಿದೆ, ಅಷ್ಟೇ.


ರೊಟ್ಟಿಪ್ರಿಯ
ಶನಿವಾರ ರಾತ್ರಿ 11:31

ಸರಿ ಸರ್. ಗ್ರೂಪಿನಲ್ಲಿ ಅಳಿಸಿದೆ. ನಮ್ಮ ದೊಡ್ಡಪ್ಪ ಕಳಿಸಿದ್ದು, ಅವರಿಗೆ ನಾನು ಹೇಗೆ ಹೇಳಲಿ?


ಸೂಕ್ಷ್ಮ ದರ್ಶಕ
ಭಾನುವಾರ ಬೆಳಗ್ಗೆ 7:15

ಇಡೀ ಚರ್ಚೆಯೇ ಸುಮ್ನೆ ಭಯ ಹುಟ್ಟಿಸುವುದು ಅನಿಸುತ್ತದೆ. ಎಂಎಸ್‌ಜಿ ಇದ್ದರೆ ಏನೀಗ? ಗ್ಲುಟಮೇಟ್ ಟೊಮೆಟೊದಲ್ಲಿದೆ, ಅಣಬೆಯಲ್ಲಿದೆ, ತಾಯಿಯ ಎದೆಹಾಲಿನಲ್ಲೂ ಇದೆ. ಹಣ್ಣಾದ ಟೊಮೆಟೊ ಹಾಕಿದ ತಿಳಿಸಾರು ಯಾಕೆ ರುಚಿ ಅಂದುಕೊಂಡಿದ್ದೀರಿ? ಗಿಡದಿಂದ ಬಂದ ಗ್ಲುಟಮೇಟ್, ಕಾರ್ಖಾನೆಯಲ್ಲಿ ಕಬ್ಬಿನ ಕಾಕಂಬಿ ಹುದುಗಿಸಿ ಮಾಡಿದ ಗ್ಲುಟಮೇಟ್, ಎರಡರ ಭೇದ ದೇಹಕ್ಕೆ ಗೊತ್ತಾಗುವುದಿಲ್ಲ.

ಎಂಎಸ್‌ಜಿ ಮೇಲಿನ ಗುಮಾನಿ ಹುಟ್ಟಿದ್ದು ಹೇಗೆ ಗೊತ್ತಾ? 1968ರಲ್ಲಿ ಅಮೆರಿಕದ ಡಾಕ್ಟರ್ ಒಬ್ಬರು ವೈದ್ಯಕೀಯ ಪತ್ರಿಕೆಗೆ ಒಂದು ಕಾಗದ ಬರೆದರು. ಚೀನೀ ಹೋಟೆಲಿನಲ್ಲಿ ಉಂಡರೆ ಕತ್ತಿನ ಹಿಂದೆ ಜೋಮು ಹಿಡಿಯುತ್ತದೆ, ಎದೆ ಡವಗುಡುತ್ತದೆ ಅಂತ. ಕಾರಣ ಅಡುಗೆಗೆ ಹಾಕುವ ವೈನ್ ಇರಬಹುದು, ಉಪ್ಪು ಇರಬಹುದು, ಎಂಎಸ್‌ಜಿ ಇರಬಹುದು ಅಂತ ಊಹಿಸಿದ್ದರು. ಜನ ಮೊದಲೆರಡನ್ನು ಮರೆತರು. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಒಬ್ಬರಿಗೆ ಎಂಎಸ್‌ಜಿ, ಇನ್ನೊಬ್ಬರಿಗೆ ಬರೀ ಪುಡಿ ಕೊಟ್ಟು ಪರೀಕ್ಷೆ ಮಾಡಿದಾಗ ಈ ದೂರು ಗಟ್ಟಿಯಾಗಿ ನಿಲ್ಲಲಿಲ್ಲ. ಊಟವಿಲ್ಲದೆ 3 ಗ್ರಾಂ ಅಥವಾ ಜಾಸ್ತಿ ಒಟ್ಟಿಗೆ ತೆಗೆದುಕೊಂಡರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಜೋಮು ಬರಬಹುದು. ಒಂದು ಸಲದ ಊಟದಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ಕೂಡ ಇರುವುದಿಲ್ಲ.

ಉಪ್ಪಿನಲ್ಲಿ ಸೋಡಿಯಂ ಸುಮಾರು 39%. ಎಂಎಸ್‌ಜಿಯಲ್ಲಿ 12%. ಬಿಪಿ ಇರುವವರು ಹೆದರಬೇಕಾದದ್ದು ಉಪ್ಪಿನ ಡಬ್ಬಿಗೆ.


ಕಣ್ಣೆದುರಿನ ಮಂಜು
ಭಾನುವಾರ ಬೆಳಗ್ಗೆ 8:03

ದರ್ಶಕರೇ, ನನಗೆ ಮೈಗ್ರೇನ್ ಇದೆ. ಕೆಲವು ಕುರುಕಲು ತಿಂದ ಮಾರನೇ ದಿನ ಹಾಸಿಗೆ ಹಿಡಿಯುತ್ತೇನೆ. ಎಂಎಸ್‌ಜಿಯಿಂದಲೇ ಅಂತ ಪ್ರಮಾಣ ಮಾಡಿ ಹೇಳಲಾರೆ. ನಿದ್ದೆ ಕೆಟ್ಟರೂ ಬರುತ್ತದೆ, ಬಿಸಿಲಿಗೆ ಹೋದರೂ ಬರುತ್ತದೆ. ನಮ್ಮ ಡಾಕ್ಟರ್ ಹೇಳಿದ್ದು ಇಷ್ಟೇ. ತಿಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ಎರಡು ತಿಂಗಳು ನೋಡೋಣ ಅಂತ. ಬರೆಯುತ್ತಿದ್ದೇನೆ. ಆದರೆ ಪ್ಯಾಕೆಟ್ ‘ಇಲ್ಲ’ ಅಂದದ್ದನ್ನು ನಾನು ‘ಇಲ್ಲ’ ಅಂತ ಬರೆದರೆ, ಅದು ಇದ್ದರೆ, ನನ್ನ ನೋಟ್‌ಬುಕ್ಕಿನ ಗತಿ ಏನು?


ಬಸವನಗುಡಿ ಬಾಣಲೆ
ಭಾನುವಾರ ಬೆಳಗ್ಗೆ 9:30

ನಾನು ಕೇಳಿದ್ದೂ ಇದನ್ನೇ. ದರ್ಶಕ ಅವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ವಿಷ ಅಂತ ನಾನು ಎಲ್ಲೂ ಬರೆದಿಲ್ಲ. ಸೂಪ್ ಚೆಲ್ಲಲೂ ಇಲ್ಲ, ಮಗಳು ಲೋಟ ನೆಕ್ಕಿದಳು.

ನನ್ನ ತಕರಾರು ಬೇರೆ. ಎಂಎಸ್‌ಜಿ ಒಳ್ಳೆಯದೇ ಆದರೆ ‘ಇದೆ’ ಅಂತ ಹಾಕಿ ಮಾರಿ. ಕೆಟ್ಟದ್ದು ಅಂತ ಜನ ಹೆದರುತ್ತಾರೆ, ಹಾಗಾಗಿ ‘ಇಲ್ಲ’ ಅಂತ ಬರೆಯುತ್ತೀರಿ. ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು, ಅದೇ ಗ್ಲುಟಮೇಟನ್ನು ಇನ್ನೊಂದು ಹೆಸರಿನಲ್ಲಿ ಹಾಕುತ್ತೀರಿ. ಹೆದರಿಸುವವರೂ ನೀವೇ, ಸಮಾಧಾನ ಮಾಡುವವರೂ ನೀವೇ. ಎರಡಕ್ಕೂ ದುಡ್ಡು ಕೊಡುವವಳು ನಾನು.


ಕಪಿಲೆ ದಡ
ಭಾನುವಾರ ಬೆಳಗ್ಗೆ 10:12

ನಾನು ನಂಜನಗೂಡಿನವನು. 2015ರ ಮ್ಯಾಗಿ ನೂಡಲ್ಸ್ ಗಲಾಟೆ ನೆನಪಿದೆಯಾ? ನಮ್ಮೂರಿನ ಕೈಗಾರಿಕಾ ಪ್ರದೇಶದಲ್ಲೇ ಅದರ ಒಂದು ಕಾರ್ಖಾನೆ ಇರುವುದರಿಂದ ನಮಗೆ ಅದು ಬರೀ ಟಿವಿ ಸುದ್ದಿ ಆಗಿರಲಿಲ್ಲ.

ಎಲ್ಲರಿಗೂ ನೆನಪಿರುವುದು ಸೀಸದ ವಿಷಯ. ಅದು ಶುರುವಾದದ್ದೇ ಈ ‘ನೋ ಆಡೆಡ್ ಎಂಎಸ್‌ಜಿ’ ಅನ್ನುವ ಮಾತಿನಿಂದ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ 2014ರಲ್ಲಿ ಅಧಿಕಾರಿಗಳು ಪ್ಯಾಕೆಟ್ ತೆಗೆದು ಪರೀಕ್ಷೆಗೆ ಕಳಿಸಿದರು. ಮೇಲೆ ‘ಸೇರಿಸಿಲ್ಲ’ ಅಂತಿತ್ತು, ಗೋರಖ್‌ಪುರದ ಲ್ಯಾಬಿನಲ್ಲಿ ಎಂಎಸ್‌ಜಿ ಸಿಕ್ಕಿತು. ಕೋಲ್ಕತ್ತದ ಲ್ಯಾಬಿಗೆ ಹೋದಾಗ 10 ಲಕ್ಷದಲ್ಲಿ 17.2 ಪಾಲು ಸೀಸ ಇದೆ ಅಂತ ವರದಿ ಬಂತು. ಮಿತಿ 2.5 ಪಾಲು. 2015ರ ಜೂನ್ 5ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದನ್ನು ದೇಶದಾದ್ಯಂತ ವಾಪಸ್ ತರಿಸಲು ಆದೇಶಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಸರಿಯಾದ ಮಾನ್ಯತೆ ಇರಲಿಲ್ಲ, ಕಂಪನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲಿಲ್ಲ ಅಂತ. ಕೋರ್ಟ್ ಹೇಳಿದ ಮೂರು ಲ್ಯಾಬುಗಳಲ್ಲಿ ಮತ್ತೆ ಪರೀಕ್ಷೆ ನಡೆದು ಸೀಸ ಮಿತಿಯೊಳಗೇ ಇದೆ ಅಂತ ಬಂತು. ನವೆಂಬರ್ ಹೊತ್ತಿಗೆ ಅಂಗಡಿಗೆ ವಾಪಸ್ ಬಂತು. ಆಮೇಲೆ ಗ್ರಾಹಕರ ಆಯೋಗದ ಕೇಸಿಗಾಗಿ ಸುಪ್ರೀಂ ಕೋರ್ಟ್ ಮಾದರಿಗಳನ್ನು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಕಳಿಸಿತು.

ಎಂಎಸ್‌ಜಿ ಬಗ್ಗೆ ಕಂಪನಿ ಏನು ಹೇಳಿತು? ನಾವು ಸೇರಿಸುವುದಿಲ್ಲ, ಹೈಡ್ರೊಲೈಸ್ಡ್ ಕಡಲೆಕಾಯಿ ಪ್ರೋಟೀನ್, ಈರುಳ್ಳಿ ಪುಡಿ, ಗೋಧಿ ಹಿಟ್ಟಿನಲ್ಲಿ ಸಹಜವಾಗಿ ಗ್ಲುಟಮೇಟ್ ಇರುತ್ತದೆ ಅಂತ. ಕಡೆಗೆ ‘ನೋ ಆಡೆಡ್ ಎಂಎಸ್‌ಜಿ’ ಅನ್ನುವ ಸಾಲನ್ನು ಪ್ಯಾಕೆಟ್ಟಿನಿಂದ ತೆಗೆಯುತ್ತೇವೆ ಅಂತ ತಾವೇ ಹೇಳಿದರು. ನನ್ನ ಪ್ರಕಾರ ಇಡೀ ಗಲಾಟೆಯಲ್ಲಿ ಗ್ರಾಹಕರಿಗೆ ಸಿಕ್ಕ ಗಟ್ಟಿ ಲಾಭ ಅಂದರೆ ಇದೊಂದೇ. ಉಳಿದದ್ದೆಲ್ಲ ಗದ್ದಲ.


ಹಳೇ ಪ್ರಯೋಗಾಲಯ
ಭಾನುವಾರ ಬೆಳಗ್ಗೆ 11:40

ದಡದವರು ಒಳ್ಳೆಯ ಜಾಗಕ್ಕೆ ತಂದರು. ಇಲ್ಲಿ ಲ್ಯಾಬಿನವರ ಕಷ್ಟವನ್ನೂ ಹೇಳಬೇಕು. ನಮ್ಮ ಯಂತ್ರಕ್ಕೆ ಗ್ಲುಟಮೇಟ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಅದು ಟೊಮೆಟೊದಿಂದ ಬಂತಾ, ಯೀಸ್ಟಿನಿಂದ ಬಂತಾ, ಚೀಲದಿಂದ ಸುರಿದದ್ದಾ ಅಂತ ಗೊತ್ತಾಗುವುದಿಲ್ಲ. ಎಫ್‌ಎಸ್‌ಎಸ್‌ಎಐ ಕೂಡ 2016ರ ಮಾರ್ಚ್‌ನಲ್ಲಿ ಇದನ್ನು ಬರವಣಿಗೆಯಲ್ಲೇ ಒಪ್ಪಿಕೊಂಡಿತು. ಪ್ಯಾಕೆಟ್ಟಿನಲ್ಲಿ ಗ್ಲುಟಮೇಟ್ ಸಿಕ್ಕಿದ ಮಾತ್ರಕ್ಕೆ ಕೇಸ್ ಹಾಕಬೇಡಿ, ಕಾರ್ಖಾನೆಗೆ ಹೋಗಿ ನಿಜವಾಗಿ ಎಂಎಸ್‌ಜಿ ಸೇರಿಸುತ್ತಾರಾ ನೋಡಿ ಅಂತ ಅಧಿಕಾರಿಗಳಿಗೆ ಹೇಳಿತು. ವಿಜ್ಞಾನದ ಕಡೆಯಿಂದ ಅದು ಸರಿ. ಆದರೆ ಯೀಸ್ಟ್ ಎಕ್ಸ್‌ಟ್ರಾಕ್ಟ್ ಹಾಕಿ ‘ಸೇರಿಸಿಲ್ಲ’ ಅನ್ನುವವರಿಗೆ ಬಾಗಿಲು ಅರ್ಧ ತೆರೆದೇ ಉಳಿಯಿತು.

ನಿಜವಾದ ಎಂಎಸ್‌ಜಿ ಸೇರಿಸಿದರೆ ಮಾತ್ರ ನಮ್ಮ ಕಾನೂನಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು. 12 ತಿಂಗಳ ಒಳಗಿನ ಕೂಸುಗಳಿಗೆ ಕೊಡಬೇಡಿ ಅನ್ನುವ ಎಚ್ಚರಿಕೆಯನ್ನೂ ಹಾಕಬೇಕು. ಯೀಸ್ಟ್ ಎಕ್ಸ್‌ಟ್ರಾಕ್ಟ್ ಹಾಕಿದರೆ ಆ ಸಾಲು ಹಾಕುವ ತಲೆನೋವು ತಪ್ಪುತ್ತದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವುದು ಅಂದರೆ ಇದೇ.

ಇನ್ನೊಂದು ಮಾತು. ಆಹಾರದ ಬಗ್ಗೆ ಜಗತ್ತಿಗೆಲ್ಲ ಮಾದರಿ ನಿಯಮ ಬರೆಯುವ ಕೋಡೆಕ್ಸ್ ಅನ್ನುವ ಸಂಸ್ಥೆ ಇದೆ. ಅದರ ಮಾರ್ಗಸೂಚಿಯಲ್ಲಿ ‘ಇಂಥದ್ದನ್ನು ಸೇರಿಸಿಲ್ಲ’ ಅಂತ ಹೇಳಿಕೊಳ್ಳಲು ಷರತ್ತುಗಳಿವೆ. ಅದರಲ್ಲಿ ಒಂದು: ಆ ಪದಾರ್ಥದ ಜಾಗದಲ್ಲಿ ಅದೇ ಕೆಲಸ ಮಾಡುವ ಇನ್ನೊಂದನ್ನು ಹಾಕಿರಬಾರದು. ಹಾಕಿದ್ದರೆ ಅದನ್ನೂ ಅಷ್ಟೇ ಎದ್ದು ಕಾಣುವ ಹಾಗೆ ಬರೆಯಬೇಕು. ಅಂದರೆ ಬಾಣಲೆ ಅಮ್ಮನ ಪ್ಯಾಕೆಟ್ಟಿನ ಮುಂದೆ ‘ಎಂಎಸ್‌ಜಿ ಸೇರಿಸಿಲ್ಲ, ಬದಲಿಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ ಸೇರಿಸಿದೆ’ ಅಂತ ಒಂದೇ ಗಾತ್ರದಲ್ಲಿ ಇರಬೇಕಿತ್ತು. ಹಾಗೆ ಬರೆದ ಒಂದು ಪ್ಯಾಕೆಟ್ಟನ್ನೂ ನನ್ನ ಜನ್ಮದಲ್ಲಿ ನೋಡಿಲ್ಲ.


ಎಡಿಸನ್ ಎಲೆಯಡಿಕೆ
ಭಾನುವಾರ ಸಂಜೆ 6:20

ನ್ಯೂಜೆರ್ಸಿಯಿಂದ. ಇಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ವಿಷಯದಲ್ಲಿ ಸ್ವಲ್ಪ ಗಟ್ಟಿ. ಯೀಸ್ಟ್ ಎಕ್ಸ್‌ಟ್ರಾಕ್ಟ್, ಹೈಡ್ರೊಲೈಸ್ಡ್ ಪ್ರೋಟೀನಿನಂಥ ಸಹಜವಾಗಿ ಎಂಎಸ್‌ಜಿ ಇರುವ ಪದಾರ್ಥ ಹಾಕಿದ್ದರೆ ‘ನೋ ಎಂಎಸ್‌ಜಿ’ ಅಂತಲೂ, ‘ನೋ ಆಡೆಡ್ ಎಂಎಸ್‌ಜಿ’ ಅಂತಲೂ ಪ್ಯಾಕೆಟ್ ಮೇಲೆ ಬರೆಯುವಂತಿಲ್ಲ. ಹಾಗಂತ ಇಲ್ಲಿ ಎಲ್ಲ ನೆಟ್ಟಗಿದೆ ಅಂದುಕೊಳ್ಳಬೇಡಿ. ‘ನ್ಯಾಚುರಲ್ ಫ್ಲೇವರ್ಸ್’ ಅನ್ನುವ ಎರಡು ಪದದ ಹಿಂದೆ ಏನೇನು ಇದೆ ಅಂತ ಇಲ್ಲೂ ಗೊತ್ತಾಗುವುದಿಲ್ಲ.

ಇಂಡಿಯನ್ ಅಂಗಡಿಯಲ್ಲಿ ಪುಳಿಯೋಗರೆ ಮಿಕ್ಸ್ ತರುವಾಗ ನನ್ನ ಹೆಂಡತಿ ಈಗ ಹತ್ತು ನಿಮಿಷ ನಿಂತು ಓದುತ್ತಾಳೆ. ಗಾಡಿ ತಳ್ಳಿಕೊಂಡು ಕಾಯುವವನು ನಾನು.


ಏಕಾದಶಿ ಎಳ್ಳು
ಭಾನುವಾರ ಸಂಜೆ 7:05

ನಮ್ಮ ಮನೆಯಲ್ಲಿ ಎಂಎಸ್‌ಜಿಗಿಂತ ದೊಡ್ಡ ತಲೆನೋವು ಈರುಳ್ಳಿ, ಬೆಳ್ಳುಳ್ಳಿ. ಅತ್ತೆಯವರು ಮುಟ್ಟುವುದಿಲ್ಲ. ಹಸಿರು ಚುಕ್ಕೆ ನೋಡಿ ತಂದರೆ ಸಾಲದು. ‘ಸ್ಪೈಸಸ್ ಆಂಡ್ ಕಾಂಡಿಮೆಂಟ್ಸ್’ ಅಂತ ಒಂದೇ ಮಾತಿನಲ್ಲಿ ಮುಗಿಸಿರುತ್ತಾರೆ. ಆ ಮಾತಿನೊಳಗೆ ಬೆಳ್ಳುಳ್ಳಿ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಒಂದು ಸಲ ನಿಪ್ಪಟ್ಟಿನ ಪ್ಯಾಕೆಟ್ ತಂದು ಮೂಸಿ ನೋಡಿದ ಮೇಲೆ ಗೊತ್ತಾಯಿತು. ಹೀಗೆ ಬರೆಯಲು ಕಾನೂನಿನಲ್ಲಿ ಅವಕಾಶ ಇದೆಯಾ?


ಹಳೇ ಪ್ರಯೋಗಾಲಯ
ಭಾನುವಾರ ಸಂಜೆ 7:50

ಇದೆಯಮ್ಮಾ. ಮಸಾಲೆಗಳಿಗೆ ಗುಂಪಿನ ಹೆಸರು ಹಾಕಬಹುದು. ಪರಿಮಳದ ಪದಾರ್ಥಗಳಿಗೂ ಹಾಗೆಯೇ. ಕೃತಕವಾದರೆ ಅದರ ಹೆಸರು ಹೇಳಬೇಕು. ನೈಸರ್ಗಿಕ, ಅಥವಾ ‘ನೇಚರ್ ಐಡೆಂಟಿಕಲ್’ ಆದರೆ ಗುಂಪಿನ ಹೆಸರು ಸಾಕು. ನೇಚರ್ ಐಡೆಂಟಿಕಲ್ ಅಂದರೆ ಪ್ರಕೃತಿಯಲ್ಲಿ ಇರುವ ಅಣುವನ್ನೇ ಕಾರ್ಖಾನೆಯಲ್ಲಿ ಮಾಡಿದ್ದು. ಓದಿದವರಿಗೆ ‘ನೇಚರ್’ ಅಷ್ಟೇ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಸಣ್ಣ ಕಿಂಡಿ ಇದೆ. ಒಂದು ತಿಂಡಿಗೆ ಹಾಕಿದ ಮಿಶ್ರಣ ಒಟ್ಟು ತೂಕದಲ್ಲಿ 5%ಗಿಂತ ಕಡಿಮೆ ಇದ್ದರೆ, ಆ ಮಿಶ್ರಣದಲ್ಲಿ ಏನೇನಿದೆ ಅಂತ ಬಿಡಿಸಿ ಬರೆಯಬೇಕಿಲ್ಲ. ಅದರೊಳಗಿನ ಸಂಯೋಜಕಗಳನ್ನು, ಅಂದರೆ ಬಣ್ಣ, ರುಚಿ ಏರಿಸುವುದು ಇಂಥ ಕೆಲಸಕ್ಕೆ ಸೇರಿಸುವವನ್ನು ಮಾತ್ರ ಬರೆಯಬೇಕು. ಅಲರ್ಜಿ ತರುವ ಪದಾರ್ಥಗಳಿಗೆ ಬೇರೆ ನಿಯಮ. ಬೆಳ್ಳುಳ್ಳಿ ಆ ಪಟ್ಟಿಯಲ್ಲಿ ಇಲ್ಲ.


ಧಾರವಾಡ ಡಬ್ಬಿ
ಭಾನುವಾರ ರಾತ್ರಿ 9:15

ಒಂದು ಮಾತು ಹೇಳಬೇಕು ಅಂತ ಎರಡು ದಿನದಿಂದ ಓದುತ್ತಿದ್ದೆ. ಬೈಯಬೇಡಿ.

ನಾನು ಮನೆಯಲ್ಲಿ ಬಾಳೆಕಾಯಿ ಚಿಪ್ಸ್, ಚೌಚೌ ಮಾಡಿ ಮಾರುತ್ತೇನೆ. ಮೊದಲು ಉಪ್ಪು, ಖಾರದಪುಡಿ, ಇಂಗು ಅಷ್ಟೇ ಹಾಕುತ್ತಿದ್ದೆ. ಮಕ್ಕಳು ‘ಆಂಟಿ, ಅಂಗಡಿ ಚಿಪ್ಸ್ ಥರ ಇಲ್ಲ’ ಅನ್ನಲು ಶುರು ಮಾಡಿದರು. ಹುಬ್ಬಳ್ಳಿಯ ವ್ಯಾಪಾರಿ ಒಬ್ಬರು ‘ಸೀಸನಿಂಗ್’ ಅಂತ ಪುಡಿಯ ಚೀಲ ಕೊಟ್ಟರು. ಟೊಮೆಟೊ ರುಚಿ, ಪುದೀನ ರುಚಿ, ಮಸಾಲೆ ರುಚಿ, ಎಲ್ಲವೂ ಇದೆ. ಹುರಿದ ಮೇಲೆ ಉದುರಿಸಿದರೆ ಮುಗಿಯಿತು. ಮಾರಾಟ ದುಪ್ಪಟ್ಟಾಯಿತು ಅನ್ನುವುದು ಸುಳ್ಳಲ್ಲ.

ನನ್ನ ಪ್ಯಾಕೆಟ್ ಮೇಲೆ ನಾನು ಬರೆಯುತ್ತಿದ್ದದ್ದು ‘ಬಾಳೆಕಾಯಿ, ಎಣ್ಣೆ, ಉಪ್ಪು, ಮಸಾಲೆ’. ಕೆಳಗೆ ‘ಮನೆಯಲ್ಲೇ ಮಾಡಿದ್ದು’. ಈ ಚರ್ಚೆ ಓದಿ ಇವತ್ತು ಆ ದೊಡ್ಡ ಚೀಲದ ಹಿಂದೆ ಓದಿದೆ. ಮಾಲ್ಟೊಡೆಕ್ಸ್‌ಟ್ರಿನ್, ಉಪ್ಪು, ಸಕ್ಕರೆ, ಈರುಳ್ಳಿ ಪುಡಿ, 621, 627, 631, 330, 551. ಪುಡಿಯ ಬಣ್ಣ ನೋಡಿ ನಾನು ಮೆಣಸಿನಕಾಯಿ ಅಂದುಕೊಂಡಿದ್ದೆ. ನಾನು ಬೇಕಂತ ಮುಚ್ಚಿಡಲಿಲ್ಲ. ಓದಿರಲಿಲ್ಲ, ಅಷ್ಟೇ. ಆದರೆ ಕೊಂಡವರಿಗೆ ಎರಡೂ ಒಂದೇ ಅಲ್ವಾ?


ಹಳೇ ಪ್ರಯೋಗಾಲಯ
ಭಾನುವಾರ ರಾತ್ರಿ 9:40

ಯಾರು ಬೈಯುತ್ತಾರಮ್ಮಾ. ಇಷ್ಟು ನೇರವಾಗಿ ಬರೆದವರು ನೀವೊಬ್ಬರೇ.

621 ನೇರವಾಗಿ ಎಂಎಸ್‌ಜಿಯೇ. ಹಾಗಾಗಿ ನಿಮ್ಮ ಪ್ಯಾಕೆಟ್ ಮೇಲೆ ಅದನ್ನು ಹೇಳಲೇಬೇಕು, ಕೂಸುಗಳ ಎಚ್ಚರಿಕೆಯ ಸಾಲೂ ಬೇಕು. 551 ಪುಡಿ ಗಂಟು ಕಟ್ಟದಿರಲು ಹಾಕುವುದು, ಸಿಲಿಕಾ. ಮಾಲ್ಟೊಡೆಕ್ಸ್‌ಟ್ರಿನ್ ಪಿಷ್ಟದಿಂದ ಮಾಡಿದ್ದು. ರುಚಿ ಇಲ್ಲ, ತೂಕ ಇದೆ. ರುಚಿಯ ಪುಡಿ ಅಂತ ನೀವು ದುಡ್ಡು ಕೊಟ್ಟು ತಂದದ್ದರಲ್ಲಿ ಮೊದಲ ಹೆಸರು ಅದು ಅನ್ನುವುದನ್ನು ಗಮನಿಸಿ. ತೂಕದಲ್ಲಿ ಜಾಸ್ತಿ ಇರುವುದರ ಹೆಸರು ಮೊದಲು ಬರುತ್ತದೆ.


ಧಾರವಾಡ ಡಬ್ಬಿ
ಭಾನುವಾರ ರಾತ್ರಿ 9:52

ಅಯ್ಯೋ ದೇವರೇ. ಮೈದಾ ಥರದ್ದಕ್ಕೆ ಮಸಾಲೆಯ ರೇಟು ಕೊಟ್ಟೆನಾ!


ಕಡಲೆಪುರಿ ಕಮಲಮ್ಮ
ಭಾನುವಾರ ರಾತ್ರಿ 10:01

ಡಬ್ಬಿ, ನೀನು ಹಳೇ ಥರ ಇಂಗು, ಖಾರ ಹಾಕಿದ್ದನ್ನೇ ಒಂದು ಕಿಲೋ ಕಳಿಸು. ಆದರೆ ನಿನ್ನ ಇಂಗಿನ ಡಬ್ಬಿಯನ್ನೂ ಒಮ್ಮೆ ಓದು ಮಗಳೇ. ನಾವು ಕೊಳ್ಳುವ ಇಂಗು ಶುದ್ಧ ಇಂಗಲ್ಲ. ಗೋಧಿ ಹಿಟ್ಟೋ ಅಕ್ಕಿ ಹಿಟ್ಟೋ ಸೇರಿಸಿ, ಗೋಂದು ಹಾಕಿ ಕಲಸಿದ್ದು. ನನ್ನ ತಂಗಿಯ ಮೊಮ್ಮಗನಿಗೆ ಗೋಧಿ ಆಗುವುದಿಲ್ಲ. ಚಪಾತಿ ಬಿಟ್ಟರು, ಬ್ರೆಡ್ ಬಿಟ್ಟರು, ಹೊಟ್ಟೆ ಸರಿಹೋಗಲಿಲ್ಲ. ಕೊನೆಗೆ ಸಾರಿನ ಒಗ್ಗರಣೆಯ ಇಂಗನ್ನೂ ಬಿಡಿ ಅಂದರು ಡಾಕ್ಟರು. ಇದು ಮಾತ್ರ ಡಬ್ಬಿ ಮೇಲೆ ಬರೆದಿತ್ತು. ನಾವು ಯಾರು ಇಂಗಿನ ಡಬ್ಬಿ ಓದುತ್ತೇವೆ?


ಸೂಕ್ಷ್ಮ ದರ್ಶಕ
ಸೋಮವಾರ ಬೆಳಗ್ಗೆ 6:50

ಧಾರವಾಡದವರ ಬರಹ ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಪೂರ್ತಿ ಅಲ್ಲ. ಎಂಎಸ್‌ಜಿ ಬಗ್ಗೆ ಹೆದರಿಕೆ ಬೇಡ ಅನ್ನುವುದು ಈಗಲೂ ನನ್ನ ಮಾತು. ಆದರೆ ಇದು ಆರೋಗ್ಯದ ಪ್ರಶ್ನೆ ಮಾತ್ರ ಅಲ್ಲ, ವ್ಯಾಪಾರದ ಪ್ರಶ್ನೆ ಕೂಡ. ಟೊಮೆಟೊ ಕಡಿಮೆ ಹಾಕಿ ಟೊಮೆಟೊ ಜಾಸ್ತಿ ಇದ್ದ ಹಾಗೆ ನಾಲಿಗೆಗೆ ಅನಿಸುವಂತೆ ಮಾಡುವುದು ಈ ಸಂಖ್ಯೆಗಳ ಕೆಲಸ. ಕೋಳಿ ಸೂಪಿನಲ್ಲಿ ಕೋಳಿ ಎಷ್ಟಿದೆ ಅಂತ ಶೇಕಡಾ ಲೆಕ್ಕ ಓದಿ ನೋಡಿ, ನಗು ಬರುತ್ತದೆ.

ಹಾಗೇ ಇನ್ನೊಂದು. ಬ್ರಾಂಡಿನ ಹೆಸರಲ್ಲೇ ‘ರಿಯಲ್’, ‘ನ್ಯಾಚುರಲ್’, ‘ಪ್ಯೂರ್’ ಅಂತ ಇದ್ದು ಅದು ದಾರಿ ತಪ್ಪಿಸುವ ಹಾಗಿದ್ದರೆ, ಇದು ಬರೀ ಬ್ರಾಂಡಿನ ಹೆಸರು, ಪದಾರ್ಥದ ನಿಜವಾದ ಗುಣ ಅಲ್ಲ ಅಂತ ಕೆಳಗೆ ಬರೆಯಬೇಕು. 2018ರ ನಿಯಮ. ನನ್ನ ಪ್ರಕಾರ ಇಡೀ ಪ್ಯಾಕೆಟ್ಟಿನಲ್ಲಿ ಅತಿ ಪ್ರಾಮಾಣಿಕ ವಾಕ್ಯ ಅದೇ.


ಸಿಳ್ಳೆ ಸಿಪಾಯಿ
ಸೋಮವಾರ ಬೆಳಗ್ಗೆ 8:10

ಪ್ಯಾಕೆಟ್ಟಿಗೆ ಲೇಬಲ್ ಆದರೂ ಇದೆ. ಗೋಬಿ ಗಾಡಿಗೆ? 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ. ಆಗ ಪರೀಕ್ಷೆ ಮಾಡಿದ 171 ಗೋಬಿ ಮಾದರಿಯಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಅದು ಬಣ್ಣದ ವಿಷಯ, ಎಂಎಸ್‌ಜಿ ಅಲ್ಲ, ಗೊತ್ತು. ಸುಮ್ನೆ ನೆನಪಾಯಿತು. ಗೋಬಿ ಬೆಳ್ಳಗೆ ಆದ ಮೇಲೆ ನಮ್ಮ ಬೀದಿಯ ಹುಡುಗರು ಒಂದು ವಾರ ಶೋಕ ಆಚರಿಸಿದರು.


ಕಣ್ಣೆದುರಿನ ಮಂಜು
ಸೋಮವಾರ ಬೆಳಗ್ಗೆ 9:00

ಪ್ರಯೋಗಾಲಯ ಸರ್, ನನ್ನ ನೋಟ್‌ಬುಕ್ಕಿಗೆ ಏನು ಬರೆದುಕೊಳ್ಳಲಿ ಹೇಳಿ.


ಹಳೇ ಪ್ರಯೋಗಾಲಯ
ಸೋಮವಾರ ಬೆಳಗ್ಗೆ 10:30

620ರಿಂದ 625ರವರೆಗಿನ ಯಾವುದೇ ಸಂಖ್ಯೆ ಗ್ಲುಟಮೇಟ್ ಕುಟುಂಬ. 627, 631, 635 ಅದರ ಜೊತೆಗಾರರು. ಯೀಸ್ಟ್ ಎಕ್ಸ್‌ಟ್ರಾಕ್ಟ್, ‘ಹೈಡ್ರೊಲೈಸ್ಡ್’ ಅಂತ ಶುರುವಾಗುವ ಯಾವುದೇ ಪ್ರೋಟೀನ್, ಸೋಯಾ ಸಾಸ್ ಪುಡಿ, ಇವನ್ನೂ ಅದೇ ಕಾಲಂನಲ್ಲಿ ಬರೆಯಿರಿ. ಮನೆಯಲ್ಲಿ ಟೊಮೆಟೊ, ಅಣಬೆ, ಹಳೆಯ ಚೀಸ್ ಜಾಸ್ತಿ ತಿಂದ ದಿನವನ್ನೂ ಬರೆಯಿರಿ. ಅದನ್ನು ಬಿಟ್ಟರೆ ಲೆಕ್ಕ ಏರುಪೇರಾಗುತ್ತದೆ. ಟೊಮೆಟೊ ದಿನ ತಲೆನೋವು ಬರದೆ ಪ್ಯಾಕೆಟ್ ದಿನ ಮಾತ್ರ ಬಂದರೆ ಕಾರಣ ಬೇರೆ ಏನೋ ಇರಬಹುದು. ನೋಟ್‌ಬುಕ್ ಡಾಕ್ಟರಿಗೆ ತೋರಿಸಿ, ನನಗಲ್ಲ.

ಗೌಟ್ (ಯೂರಿಕ್ ಆಮ್ಲ ಏರಿ ಕೀಲು ಊದುವ ಕಾಯಿಲೆ) ಇರುವವರು ಒಂದು ಮಾತು ತಿಳಿದಿರಿ. 627, 631 ದೇಹದಲ್ಲಿ ಕೊನೆಗೆ ಯೂರಿಕ್ ಆಮ್ಲ ಆಗುವ ಜಾತಿಯವು. ಹಾಕುವುದು ಚಿಟಿಕೆಯಷ್ಟೇ, ಆದರೂ ಡಾಕ್ಟರನ್ನು ಕೇಳಿ.


ಬಸವನಗುಡಿ ಬಾಣಲೆ
ಸೋಮವಾರ ರಾತ್ರಿ 8:45

ಇವತ್ತಿನ ವರದಿ. ಪ್ಯಾಕೆಟ್ಟಿನ ಎರಡೂ ಬದಿ ಫೋಟೊ ತೆಗೆದು, ಅದರ ಮೇಲಿದ್ದ 14 ಅಂಕಿಯ ಪರವಾನಗಿ ಸಂಖ್ಯೆ ಹಾಕಿ, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದೂರು ಕೊಟ್ಟೆ. ಪ್ರಯೋಗಾಲಯ ಸರ್ ಹೇಳಿದ ಕೋಡೆಕ್ಸ್ ಮಾತನ್ನೂ ಸೇರಿಸಿದೆ. ನಂಬರ್ ಬಂದಿದೆ. ಏನಾಗುತ್ತದೆ ನೋಡೋಣ.

ಆಮೇಲೆ ಉತ್ಸಾಹದಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಓದಲು ಕೂತೆ. ಇಂಗು, ಕಮಲಮ್ಮ ಹೇಳಿದ ಹಾಗೇ ಇದೆ. ಕೆಚಪ್ ಪರವಾಗಿಲ್ಲ. ಕಡೆಗೆ ಸಾರಿನ ಪುಡಿ ತೆಗೆದೆ. ಹನ್ನೆರಡು ವರ್ಷದಿಂದ ಒಂದೇ ಕಾಂಡಿಮೆಂಟ್ಸ್ ಅಂಗಡಿಯದ್ದು. ತಿರುಗಿಸಿದೆ, ಮುರುಗಿಸಿದೆ. ಬರೀ ಪ್ಲಾಸ್ಟಿಕ್ ಕವರು. ಲೇಬಲ್ಲೇ ಇಲ್ಲ! ಬೆಲೆ ಮಾತ್ರ ಪೆನ್ನಿನಲ್ಲಿ ಬರೆದಿದೆ.


ಧಾರವಾಡ ಡಬ್ಬಿ
ಸೋಮವಾರ ರಾತ್ರಿ 9:10

ಅಕ್ಕಾ, ಪ್ಯಾಕ್ ಮಾಡಿ ಮಾರಿದರೆ ಅವರೂ ಹಾಕಬೇಕು. ನಾನು ಇವತ್ತು ಹೊಸ ಲೇಬಲ್ಲಿಗೆ ಪ್ರೆಸ್ಸಿನವರಿಗೆ ಹೇಳಿ ಬಂದೆ. 621 ಅಂತ ಹಾಕಿಸುತ್ತಿದ್ದೇನೆ. ಪ್ರೆಸ್ಸಿನವನು ‘ಇದು ನಿಮ್ಮ ಮನೆ ನಂಬರಾ ಮೇಡಂ’ ಅಂದ.


ಬಸವನಗುಡಿ ಬಾಣಲೆ
ಮಂಗಳವಾರ ಬೆಳಗ್ಗೆ 11:20

ಅಂಗಡಿಗೆ ಹೋಗಿ ಕೇಳಿದೆ. ‘ಸಾರಿನ ಪುಡಿಗೆ ಏನೇನು ಹಾಕುತ್ತೀರಿ ರಾಯರೇ?’ ಅಂತ. ರಾಯರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. ‘ಹನ್ನೆರಡು ವರ್ಷ ತಿಂದು ಈಗ ಕೇಳುತ್ತಿದ್ದೀರಾ?’ ಅಂದರು. ಕೊನೆಗೆ ಒಳಗೆ ಹೋಗಿ ಅವರ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಧನಿಯಾ, ಜೀರಿಗೆ, ಮೆಂತ್ಯ, ಮೆಣಸು, ಬ್ಯಾಡಗಿ, ಕರಿಬೇವು, ಇಂಗು ಅಂತ ಬೆರಳು ಮಡಚಿ ಏಳು ಹೇಳಿದರು. ಎಂಟನೆಯದಕ್ಕೆ ಬೆರಳು ಮಡಚಿ ನಕ್ಕರು. ‘ಅದು ನಮ್ಮ ಅತ್ತೆಯ ಕಾಲದ್ದು, ಹೇಳುವುದಿಲ್ಲ.’


ಹಳೇ ಪ್ರಯೋಗಾಲಯ
ಮಂಗಳವಾರ ಬೆಳಗ್ಗೆ 11:48

ನೂರು ಗ್ರಾಂ ನನಗೂ ತೆಗೆದಿಡಿ. ಲ್ಯಾಬಿಗಲ್ಲ, ಸಾರಿಗೆ.